ಬೂದು ಪರದೆಯ ಎರಡು ಕಲೆಗಳು

"ಇನ್ನೊಂದ್ಸಲ ತಲೆಕೆಳಗು ಮಾಡು," ಎಂದಳು ಇನ್‌ಸುಕ್.

ಕ್ಯೊಂಗ್‌ಮೊ ಪರದೆಯನ್ನು ಸ್ಟ್ಯಾಂಡಿನಿಂದ ಬಿಡಿಸಿ, ತಿರುಗಿಸಿ ಕೂರಿಸಿದ. ತಪಾಸಣೆಯ ಕತ್ತಲೆ ಕೋಣೆಯಲ್ಲಿ ಬೂದು ಬಣ್ಣವೊಂದೇ ಬೆಳಗುತ್ತಿತ್ತು. ಟೀವಿ, ಫೋನುಗಳ ಪರದೆ ತಯಾರಿಸುವ ಆಸಾನ್ ಊರಿನ ಈ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇನ್‌ಸುಕ್ ನೋಡುತ್ತ ಬಂದದ್ದು ಈ ಬೂದನ್ನೇ. ತಪಾಸಣೆಯ ಕ್ಯಾಮೆರಾ ಬಿಟ್ಟದ್ದನ್ನೂ ಅವಳ ಕಣ್ಣು ಬಿಡುವುದಿಲ್ಲ ಎಂಬ ಮಾತಿತ್ತು. ಆ ಮಾತೇ ಅವಳ ಅನ್ನ.

"ಅಕ್ಕಾ, ಕ್ಯಾಮೆರಾ ನೂರಕ್ಕೆ ನೂರು ಕೊಟ್ಟಿದೆ. ನೀವೊಂದು ಸಹಿ ಹಾಕಿದ್ರೆ ಸೋಮವಾರ ಉತ್ಪಾದನೆ ಶುರು."

"ಹಂಗಿದ್ರೆ ಕ್ಯಾಮೆರಾ ಹತ್ರಾನೇ ಸಹಿ ಹಾಕಿಸ್ಕೊಳಪ್ಪಾ, ಇಂಜಿನಿಯರ್ ಸಾಹೇಬ."

ಅವನು ನಗಲಿಲ್ಲ. ಪರದೆಯೊಳಗಿನದು ಅವನು ಎರಡು ವರ್ಷ ಹೆಣಗಿ ಮಾಡಿದ ಸರ್ಕ್ಯೂಟು. ಪರದೆಯ ಚುಕ್ಕಿಗಳನ್ನು ಬೆಳಗಿಸುವ ಟ್ರಾನ್ಸಿಸ್ಟರುಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅವುಗಳಲ್ಲಿ ಸೋಮಾರಿಗಳು ಸೇರಿದ ಕಡೆ ಪರದೆ ಮಂಕಾಗುತ್ತದೆ. ಇವನು ಒಂದೊಂದು ಚುಕ್ಕಿಗೂ ಏಳೇಳು ಟ್ರಾನ್ಸಿಸ್ಟರು ಜೋಡಿಸಿದ್ದ. ಬೆಳಗುವ ಮೊದಲು ಚುಕ್ಕಿ ತನ್ನ ಕೊರತೆಯನ್ನು ತಾನೇ ಅಳೆದುಕೊಂಡು ಅಷ್ಟನ್ನು ತುಂಬಿಕೊಳ್ಳಬೇಕು.

ಆದರೂ ಇನ್‌ಸುಕ್‌ಗೆ ಎರಡು ಕಲೆ ಕಂಡಿದ್ದವು; ಅವನಿಗೆ ಹೇಳಿಯೂ ಇದ್ದಳು. ಒಂದು ಎಡಗಡೆ ಕೆಳಗೆ, ಇನ್ನೊಂದು ಬಲಗಡೆ ನಡುವೆ. ಪರದೆ ತಿರುಗಿದರೆ ಎರಡೂ ಜಾಗ ಬದಲಿಸಬೇಕು. ಮೊದಲಿನದು ಬಲಗಡೆ ಮೇಲಕ್ಕೆ ಹೋಯಿತು. ಎರಡನೆಯದು ಇದ್ದಲ್ಲೇ ಇತ್ತು.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಪರದೆಯ ನಡುವೆ ದೃಷ್ಟಿ ನೆಟ್ಟು ಬಲಗಣ್ಣು ಮುಚ್ಚಿದಳು. ಅಲುಗದ ಕಲೆ ಮಾಯವಾಯಿತು. ತೆರೆದಳು, ಮತ್ತೆ ಬಂತು. ಹಾಗಾದರೆ ಇನ್ನೊಂದಾದರೂ ನಿಜವೇ? ಕಣ್ಣಿನ ವಿಷಯ ಬಾಯಿಬಿಟ್ಟರೆ ಪರದೆಯ ಕಲೆಯನ್ನು ಯಾರು ನಂಬುತ್ತಾರೆ? ಮುಚ್ಚಿಟ್ಟರೆ ನಾಳೆಯಿಂದ ತನ್ನನ್ನು ತಾನೇ ನಂಬುವುದು ಹೇಗೆ? ಯಾವುದನ್ನು ಮೊದಲು ಯೋಚಿಸಬೇಕೆಂದೂ ತೋಚದೆ ಹೋಯಿತು.

"ಪರದೇ ಬೆಳಕು ಆದಷ್ಟೂ ಇಳಿಸು."

ಇಳಿಸಿದ. ಅವಳು ಅವನ ಕೈಗವಸಿನ ಬೆರಳು ಹಿಡಿದು ಪರದೆಯ ಬಲಗಡೆ ಮೇಲಿನ ಮೂಲೆಗೆ ಒಯ್ದಳು. "ಇಲ್ಲಿ. ನೇರ ನೋಡ್ಬೇಡ, ಓರೆಯಾಗಿ ನೋಡು."

ಅವನು ಕತ್ತು ಓರೆ ಮಾಡಿದ.

"ಇದೆ, ಅಕ್ಕಾ," ಎಂದ. ದನಿ ಬಿದ್ದುಹೋಗಿತ್ತು. "ಅಯ್ಯೋ, ಇದೆ."

ಇನ್‌ಸುಕ್‌ಗೆ ಸಂತೋಷವಾಯಿತು. ಅದಕ್ಕೇ ನಾಚಿಕೆಯೂ ಆಯಿತು. ತಪಾಸಣೆಯ ಕಾಗದದ ಮೇಲೆ ಕಲೆ ಒಂದು ಎಂದು ಬರೆದು ಸಹಿ ಹಾಕಿದಳು.

"ಆಗ ಎರಡು ಅಂದ್ರಿ?"

"ಇನ್ನೊಂದು ಪರದೇದಲ್ಲ." ಪೆನ್ನಿನ ಮುಚ್ಚಳ ಎಷ್ಟು ಒತ್ತಿದರೂ ಕೂರಲಿಲ್ಲ. "ನಂದು. ಬಲಗಣ್ಣಿಂದು."

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ನಾನು ಯಾರಿಗೂ ಹೇಳಲ್ಲ, ಅಕ್ಕಾ."

"ನಿಂದು ನಾನು ಬರ್ದಿಲ್ವೇನೋ? ನಂದೂ ಬರ್ಕೊ. ದೀಪ ಹಾಕು ಮೊದ್ಲು."

ಅವನು ತಡವರಿಸಿ ಸ್ವಿಚ್ಚು ಒತ್ತಿ ಇವಳ ಕಡೆ ತಿರುಗಿದ. ಬಿಳಿ ಬೆಳಕಿನಲ್ಲಿ ಅವನ ಮುಖ ಕಂಡಿತು, ಒಂದು ಕೆನ್ನೆಯನ್ನು ಬಿಟ್ಟು.