ಮೊಳೆ ಹೊಡೆಯದ ಗೋಡೆ

ನ್ಯಾಯಾಲಯದ ಗೇಟಿನ ಪಕ್ಕ ತಗಡಿನ ಸೂರಿನಡಿ ಕೂತು ಅರ್ಜಿ, ಕರಾರುಪತ್ರ ಟೈಪು ಮಾಡಿಕೊಡುವ ಮುದುಕನಿಗೆ ಅಲ್ಲಿನ ಗುಮಾಸ್ತರೆಲ್ಲ ಸೇರಿ ‘ಅರ್ಥದ ಮಾಸ್ತರು’ ಎಂದು ಹೆಸರಿಟ್ಟಿದ್ದರು. ಗೌರವದಿಂದ ಇಟ್ಟದ್ದೇನೂ ಅಲ್ಲ. ಸಹಿ ಹಾಕುವವರು ಪತ್ರದಲ್ಲಿ ಏನಿದೆಯೆಂದು ತಮ್ಮದೇ ಮಾತಿನಲ್ಲಿ ಹೇಳುವ ತನಕ ಆತ ಯಂತ್ರದಿಂದ ಹಾಳೆ ಬಿಡಿಸುತ್ತಿರಲಿಲ್ಲ. ಈ ಚಾಳಿಗೆ ಬೇಸತ್ತು ಅರ್ಧ ಗಿರಾಕಿಗಳು ಪಕ್ಕದ ಕಂಪ್ಯೂಟರ್ ಅಂಗಡಿಗೆ ಜಾರಿಕೊಂಡಿದ್ದರು. ಈಗೀಗ ಅವನಿಗೂ ಸಾಕಾಗಿತ್ತು. ಸೊಂಟ ಹಿಡಿದುಕೊಂಡಿತ್ತು, ಕಣ್ಣು ಮಂಜಾಗಿತ್ತು. ಜನಕ್ಕೇ ಬೇಡವಾದ ಅರ್ಥ ನನಗ್ಯಾಕೆ ಎಂದು ಅವತ್ತು ಬೆಳಗ್ಗೆಯೇ ಗೊಣಗಿಕೊಂಡು ಬಂದಿದ್ದ.

ಮಧ್ಯಾಹ್ನ ಅಕ್ಕ, ತಮ್ಮ ಇಬ್ಬರೂ ಒಟ್ಟಿಗೆ ಬಂದರು. ಅಕ್ಕ ಬಟ್ಟೆ ಹೊಲಿಯುವವಳು, ತೋಳಿಗೆ ಇನ್ನೂ ದಾರದ ಎಳೆ ಅಂಟಿತ್ತು. ತಮ್ಮ ಬಸ್ ಡಿಪೋದ ಮೆಕ್ಯಾನಿಕ್. ತೀರಿಹೋದ ಅಮ್ಮನ ಮನೆ ಮಾರಬೇಕೆಂದು ತಮ್ಮ ದಾವೆ ಹಾಕಿ ಹನ್ನೊಂದು ವರ್ಷವಾಗಿತ್ತು. ತೀರ್ಪು ಬರುವ ತನಕ ಯಾರೂ ಮಾರಕೂಡದೆಂದು ಅಕ್ಕನ ವಕೀಲ ತಡೆಯಾಜ್ಞೆ ತಂದಿದ್ದ. ಆಮೇಲೆ ಆ ವಕೀಲ ತೀರಿಕೊಂಡ, ಎರಡನೆಯವನು ಊರು ಬಿಟ್ಟ, ಮೂರನೆಯವನಿಗೆ ಫೈಲೇ ಸಿಗಲಿಲ್ಲ. ವಾಯಿದೆಯ ಮೇಲೆ ವಾಯಿದೆ ಬಿದ್ದು, ಹೊಸ ತಾರೀಕು ಬರೆದುಕೊಂಡು ಹೋಗುವುದರಲ್ಲೇ ಇಬ್ಬರ ಚಪ್ಪಲಿಗಳೂ ಸವೆದವು. ಕೊನೆಗೆ ಅಕ್ಕನೇ ಸೋತು, ಎಲ್ಲಿ ಹೇಳ್ತೀಯೋ ಅಲ್ಲಿ ಸಹಿ ಹಾಕ್ತೀನಿ ನಡಿ ಎಂದಿದ್ದಳು.

ಮಾಸ್ತರು ಕರಡು ನೋಡಿದ. ಹಕ್ಕು ಬಿಡುಗಡೆ ಪತ್ರ. ಜೊತೆಗೆ ಲಗತ್ತಿಸಲು ತಂದಿದ್ದ ಅಮ್ಮನ ಟ್ರಸ್ಟ್ ಪತ್ರವನ್ನೂ ಓದಿದ. ಇನ್ನೊಂದು ಸಲ ಓದಿದ. ಸುಮ್ಮನೆ ಟೈಪು ಮಾಡಿ ಕೈತೊಳೆದುಕೊಂಡರೆ ನಾಲ್ಕರ ಬಸ್ಸು ಸಿಗುತ್ತಿತ್ತು. ಟೈಪೇನೋ ಮುಗಿಸಿದ, ಆದರೆ ಹಾಳೆ ಬಿಡಿಸಲು ಕೈ ಬರಲಿಲ್ಲ. ಹಾಳು ಚಾಳಿ.

“ಇದರಲ್ಲಿ ಏನಿದೆ, ಹೇಳಿಯಮ್ಮ.”

“ಸಹಿ ಹಾಕಿದ್ರೆ ಕೇಸು ಮುಗಿಯುತ್ತೆ. ಮನೆಗೆ ಹೋಗಿ ಮಲಗ್ತೀನಿ.”

“ಯಾವ ಮನೆಗೆ?”

ಇದೆಂಥ ಪ್ರಶ್ನೆ ಎಂಬಂತೆ ಅವಳು ನೋಡಿದಳು. ತಾನು ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಅದೇ ಮನೆಗೆ, ಮಾರುವ ತನಕ ತಮ್ಮ ಇರಗೊಡುತ್ತಾನೆ, ಯಜಮಾನ ಅವನೇ ತಾನೇ ಎಂದಳು. ಮಾಸ್ತರು ನಿಧಾನವಾಗಿ ಬಿಡಿಸಿ ಹೇಳಿದ. ಬಿಡುಗಡೆ ಎಂದರೆ ಆ ಮನೆಯಲ್ಲಿರುವ ಹಕ್ಕನ್ನೇ ಬಿಟ್ಟುಕೊಟ್ಟಂತೆ. ತಡೆಯಾಜ್ಞೆಯೂ ಅದರ ಹಿಂದೆಯೇ ಹೋಗುತ್ತದೆ. ಆಮೇಲೆ ನಿಮ್ಮನ್ನು ಯಾವತ್ತು ಬೇಕಾದರೂ ಎಬ್ಬಿಸಬಹುದು.

ತಮ್ಮನಿಗೆ ರೇಗಿತು. ಅವಳಿಗೆ ಎಲ್ಲಿಯ ಹಕ್ಕು, ಅಮ್ಮನ ಪತ್ರದಲ್ಲಿ ಟ್ರಸ್ಟಿ ಅಂತ ಇರುವುದು ತನ್ನ ಹೆಸರು ಎಂದು ಬೆರಳಿಟ್ಟು ತೋರಿಸಿದ.

“ಟ್ರಸ್ಟಿ ಅಂದ್ರೆ ಯಜಮಾನ ಅಲ್ಲಪ್ಪ, ನೋಡ್ಕೊಳ್ಳೋನು. ಮಗಳು ಬದುಕಿರೋ ತನಕ ಮನೆ ಅವಳಿಗೆ. ಅವಳಿಗೋಸ್ಕರ ಕಾಪಾಡು ಅಂತ ನಿಮ್ಮಮ್ಮ ನಿಮ್ಮ ಕೈಗೆ ಒಪ್ಪಿಸಿದ್ದಾರೆ. ವಕೀಲರು ಹೇಳಲಿಲ್ವಾ?”

ಹೇಳಿರಬಹುದು, ನಮಗೆ ತಿಳಿಯೋ ಹಾಗೆ ಯಾರೂ ಹೇಳಲಿಲ್ಲ ಎಂದು ತಮ್ಮ ಬೆಂಚಿನ ಮೇಲೆ ಕುಸಿದ. ಅವನು ಮೋಸಗಾರನಲ್ಲ, ಅದೇ ಮಾಸ್ತರಿಗೆ ಹೆಚ್ಚು ಸಂಕಟ ತಂದದ್ದು. ಹನ್ನೊಂದು ವರ್ಷ ಇಬ್ಬರೂ ಟ್ರಸ್ಟಿ ಎಂಬ ಒಂದು ಪದವನ್ನು ತಲೆಮೇಲೆ ಹೊತ್ತು ತಿರುಗಿದ್ದರು, ಇಳಿಸಿ ನೋಡಿರಲಿಲ್ಲ.

ಅಕ್ಕನಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಹಾಗಾದರೆ ಮುಂದಿನ ತಿಂಗಳು ಮತ್ತೆ ಬರಬೇಕಾ ಎಂದು ಕೇಳಿದಳು. ದಾವೆ ಹಾಕಿದವರು ವಾಪಸ್ ತಗೊಳ್ಳೋ ತನಕ ಬರಬೇಕು ಎಂದ ಮಾಸ್ತರು. ಅವಳು ತೋಳಿಗೆ ಅಂಟಿದ್ದ ದಾರದ ಎಳೆಯನ್ನು ಬಿಡಿಸಿ ಬೆರಳಿಗೆ ಸುತ್ತಿಕೊಂಡಳು.

“ಅಮ್ಮ ಹೋಗಿ ಹತ್ತೊಂಬತ್ತು ವರ್ಷ. ಫೋಟೋ ಹಾಕೋಕೆ ಒಂದು ಮೊಳೆ ಹೊಡೀಲಾ ಅಂತ ಇವನನ್ನ ಕೇಳಿದ್ದೆ ಮಾಸ್ತರೇ. ಗೋಡೆ ಹಾಳಾಗುತ್ತೆ ಅಂದ. ಫೋಟೋ ಇವತ್ತಿಗೂ ಬೀರು ಮೇಲೆ ಒರಗಿದೆ.”

ಆ ಮಾತನ್ನು ಅವಳು ದೂರಿನಂತೆ ಹೇಳಲಿಲ್ಲ. ಎದ್ದು ಹಾಳೆಯನ್ನು ತಾನೇ ಯಂತ್ರದಿಂದ ಎಳೆದು, ಸಹಿ ಹಾಕದೆ ಮಡಿಸಿ, ಚೀಲಕ್ಕೆ ಹಾಕಿಕೊಂಡಳು. ನಾಲ್ಕರ ಬಸ್ಸು ಆಗಲೇ ಹೊರಟುಹೋಗಿತ್ತು. ತಮ್ಮ ಇನ್ನೂ ಬೆಂಚಿನ ಮೇಲೇ ಇದ್ದ, ಉಗುರಿನ ಸಂದಿಯ ಗ್ರೀಸು ಕೆರೆಯುತ್ತಾ. ಬಾ ಹೋಗೋಣ ಎಂದು ಅಕ್ಕ ಕರೆದಾಗ ಅವನು ತಲೆ ಎತ್ತದೆ ಕೇಳಿದ:

“ನಾಳೆ ಸುತ್ತಿಗೆ, ಮೊಳೆ ತರ್ತೀನಿ. ಯಾವ ಗೋಡೆಗೆ ಹೊಡೀಲಿ ಅಕ್ಕ?”