ಕನ್ನಡಿಯಲ್ಲಿ ನೋಡಿದ ಫೈನಲ್

ನಾನು ನೋಡಿದರೆ ಕಂಟೋನ್ಮೆಂಟ್ ಹಾಕಿ ತಂಡ ಸೋಲುತ್ತದೆ ಎಂದು ಮೊದಲು ಹೇಳಿದವಳು ಜೋಗಮ್ಮ, ತಂಡದ ನಾಯಕ ಮಾರೆಣ್ಣನ ತಾಯಿ. ಬೇರೆ ಯಾರಾದರೂ ಹೇಳಿದ್ದರೆ ಅವರ ಹಲ್ಲು ಅಲ್ಲೇ ಉದುರುತ್ತಿದ್ದವು. ಆದರೆ ಜೋಗಮ್ಮ ಪ್ರತಿ ಆಟದ ಮುಂಚೆ ಆಟಗಾರರನ್ನು ಸಾಲಾಗಿ ನಿಲ್ಲಿಸಿ, ಉಪ್ಪು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಹೆಂಗಸು. ದೃಷ್ಟಿಯ ವಿಷಯದಲ್ಲಿ ಆಕೆಯ ಮಾತಿಗೆ ಬಳ್ಳಾರಿಯಲ್ಲಿ ಎದುರಿಲ್ಲ.

“ನೀ ಬಂದ ದಿನ ಮೆಣಸಿನಕಾಯಿ ಘಾಟು ಏಳಂಗಿಲ್ಲ ಯಪ್ಪಾ,” ಎಂದಳು. “ಮೂಗಿಗೆ ಒಂದೀಟೂ ಹತ್ತಂಗಿಲ್ಲ. ದೃಷ್ಟಿ ಆಗಿದ್ರನ ಹಂಗ ಆಗೋದು.”

“ನನ್ನ ಕಣ್ಣು ಕೆಟ್ಟದ್ದು ಅಂತಿ ಏನು?”

“ಕೆಟ್ಟ ಕಣ್ಣಾಗಿದ್ರ ಉಪ್ಪಿಗೆ ಹೋಗ್ತಿತ್ತು. ನಿಂದು ಪ್ರೀತಿ ಕಣ್ಣು. ಹೆತ್ತ ತಾಯಿ ಕಣ್ಣು ತಗಲಿದ್ರ ಕೂಸು ಹಾಲು ಬಿಡ್ತೈತಿ, ಗೊತ್ತಿಲ್ಲೇನು? ನೀ ನಮ್ಮ ಹುಡುಗರನ್ನ ನೋಡೋದು ಹಂಗ ಐತಿ. ಬಾಯಿ ತಕ್ಕೊಂಡು ನೋಡ್ತಿ.”

ನಾನು ಕುರುಗೋಡಿನಲ್ಲಿ ಸೈಕಲ್ ಅಂಗಡಿ ಇಟ್ಟವನು, ಹೆಸರು ಎರ್ರಿಸ್ವಾಮಿ. ಹಾಕಿ ಆಡಿದವನಲ್ಲ. ನಮ್ಮೂರ ಸಾಲೆಯಲ್ಲಿ ಆಡಿದ್ದು ಚಿಣ್ಣಿದಾಂಡು. ವಯಸ್ಸಿನಲ್ಲಿದ್ದಾಗ ಒಮ್ಮೆ ಬಳ್ಳಾರಿಯ ಕಂಟೋನ್ಮೆಂಟ್ ಮೈದಾನದ ಪಕ್ಕ ನನ್ನ ಸೈಕಲ್ಲಿನ ಚೈನು ಬಿತ್ತು. ಹಾಕಲು ಬಗ್ಗಿದವನು ತಲೆ ಎತ್ತಿ ನೋಡಿದರೆ, ಗರಸು ನೆಲದ ಮೇಲೆ ಬರಿಗಾಲಿನ ಆಟಗಾರನೊಬ್ಬ ಚೆಂಡನ್ನು ಕೋಲಿನ ತುದಿಗೆ ಅಂಟಿಸಿಕೊಂಡವನಂತೆ ಎದುರಾಳಿಗಳನ್ನೆಲ್ಲ ದಾಟಿ ಹೋಗುತ್ತಿದ್ದ. ಚೈನು ಹಾಕುವುದು ಮರೆತೆ. ಅಂದಿನಿಂದ ಆ ತಂಡ ನನ್ನದು. ಅವರು ಆಡುವ ದಿನ ನನ್ನ ಅಂಗಡಿಯ ಬಾಗಿಲು ಮುಚ್ಚಿರುತ್ತದೆ. ಪಂಕ್ಚರ್ ಆದವರು ಸೈಕಲ್ ನೂಕಿಕೊಂಡು ಹೋಗಲಿ.

ಜೋಗಮ್ಮ ಹೇಳಿದ ಮೇಲೆ ಕುಳಿತು ನೆನಪು ಮಾಡಿಕೊಂಡೆ. ಹಾಳಾದ ಮಾತು ನಿಜವೇ ಆಗಿತ್ತು. ನಾನು ಬಾದನಹಟ್ಟಿಯಲ್ಲಿ ಬೀಗರ ಮನೆಯ ಮದುವೆಗೆ ಹೋದಾಗ ಅವರು ಗೆದ್ದಿದ್ದರು. ನಾನು ಜ್ವರ ಬಂದು ಮಲಗಿದಾಗ ಗೆದ್ದಿದ್ದರು. ಬಸ್ಸು ದಾರಿಯಲ್ಲಿ ಕೆಟ್ಟು, ನಾನು ಮೈಲುಗಲ್ಲಿನ ಮೇಲೆ ಕುಳಿತು ಕಂಡಕ್ಟರನಿಗೆ ಬೈಯುತ್ತಿದ್ದಾಗ ಅತ್ತ ಭರ್ಜರಿಯಾಗಿ ಗೆದ್ದಿದ್ದರು. ಕಣ್ಣಾರೆ ಕಂಡದ್ದೆಲ್ಲ ಸೋಲು. ಆ ವರ್ಷ ಕೌಲಾಲಂಪುರದಲ್ಲಿ ಭಾರತ ಹಾಕಿ ವಿಶ್ವಕಪ್ ಗೆದ್ದಿತ್ತು. ಅದೂ ನನ್ನ ವಿರುದ್ಧ ಸಾಕ್ಷಿಯಾಯಿತು.

“ಅದನ್ನ ನೀವು ರೇಡಿಯೋದಾಗ ಕೇಳಿದ್ರಿ, ನೋಡ್ಲಿಲ್ಲ,” ಎಂದ ಮಾರೆಣ್ಣ. “ಅದಕ್ಕ ಗೆದ್ರು, ಎರ್ರೆಣ್ಣ.”

ಈ ಮಾತು ಹೇಳಲು ಅವನು ಕುರುಗೋಡಿನ ತನಕ ಬಂದಿದ್ದ. ಕೈಯಲ್ಲಿ ಬಿಸಿ ಮಿರ್ಚಿಯ ಪೊಟ್ಟಣ. ಮಿರ್ಚಿ ತಂದಿದ್ದಾನೆಂದರೆ ಏನೋ ಕೆಟ್ಟ ಸುದ್ದಿಯೇ ಇದೆ ಎಂದು ನನಗೆ ಆಗಲೇ ಹೊಳೆದಿತ್ತು. ಮುಂದಿನ ಭಾನುವಾರ ಸಿರುಗುಪ್ಪದವರ ಮೇಲೆ ಕಪ್ಪಿನ ಫೈನಲ್. ನಾನು ಬರಬಾರದು.

ನಾನು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡೆ. ಮಾರೆಣ್ಣ ಎರಡು ಹೆಜ್ಜೆ ಹಿಂದೆ ಸರಿದ, ಆದರೆ ಓಡಲಿಲ್ಲ.

“ಲೇ, ನಾ ಸಾಯೋದ್ರಾಗ ನೀವು ಗೆಲ್ಲೋದು ಒಂದ್ಸಲ ಕಣ್ಣಾರೆ ನೋಡಬೇಕು. ಮತ್ತೇನೂ ಕೇಳಿಲ್ಲ ನಿಮ್ಮನ್ನ.”

“ನೀವು ನೋಡಿದ್ರ ಗೆಲ್ಲಂಗಿಲ್ಲ. ಗೆದ್ರ ನೀವು ನೋಡಿರಂಗಿಲ್ಲ. ನಾ ಏನು ಮಾಡ್ಲಿ ಹೇಳ್ರಿ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಹಂಪಕ್ಕ ಕೈ ಒರೆಸಿಕೊಳ್ಳುತ್ತ ಬಂದು ಪೊಟ್ಟಣದಿಂದ ಒಂದು ಮಿರ್ಚಿ ತೆಗೆದುಕೊಂಡಳು.

“ಗ್ರಹಣ ಹೆಂಗ ನೋಡ್ತೀವಿ?” ಎಂದಳು. “ನೆಟ್ಟಗ ನೋಡ್ತೀವೇನು? ತಾಟಿನಾಗ ಅರಿಶಿಣ ನೀರು ಹಾಕಿ ಅದರಾಗ ನೋಡ್ತೀವಿ.”

“ಹಾಕಿ ಆಟ ತಾಟಿನಾಗ ಹಿಡಸ್ತೈತೇನು?”

“ಕನ್ನಡ್ಯಾಗ ಹಿಡಸ್ತೈತಿ. ಆಟಕ್ಕ ಬೆನ್ನು ಮಾಡಿ ಕುಂಡ್ರಿ. ನಮ್ಮವ್ವ ಕೊಟ್ಟ ಕನ್ನಡಿ ಐತಲ್ಲ, ಅದರಾಗ ನೋಡ್ರಿ.”

ಮಾರೆಣ್ಣ ಬಳ್ಳಾರಿಗೆ ಹೋಗಿ ತಾಯಿಯನ್ನು ಕೇಳಿದ. ಜೋಗಮ್ಮ ಬಹಳ ಹೊತ್ತು ಯೋಚಿಸಿ, ಬೆನ್ನಿಗೆ ದೃಷ್ಟಿ ಇಲ್ಲ, ಕನ್ನಡಿಯೊಳಗಿನ ದೃಷ್ಟಿ ಕನ್ನಡಿಗೇ ತಗಲುತ್ತದೆ ಎಂದು ತೀರ್ಪು ಕೊಟ್ಟಳಂತೆ. ನಾನೂ ಸಿಟ್ಟಿನಲ್ಲಿ ಒಂದು ಮಾತು ಹೇಳಿ ಕಳಿಸಿದೆ: ಈ ಸಲವೂ ಸೋತರೆ ಆ ಮೈದಾನಕ್ಕೆ ನಾನು ಮತ್ತೆ ಕಾಲಿಡುವುದಿಲ್ಲ. ಹೇಳಿದ ಮರುಗಳಿಗೆ ಹೇಳಬಾರದಿತ್ತು ಅನಿಸಿತು. ಆದರೆ ಆಡಿದ ಮಾತು ಆಡಿದ್ದೇ.

ಭಾನುವಾರ ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಮರದ ಚೌಕಟ್ಟಿನ ದೊಡ್ಡ ಕನ್ನಡಿ. ಕುರುಗೋಡಿನಿಂದ ಬಳ್ಳಾರಿಯ ತನಕ ಬಸ್ಸಿನಲ್ಲಿದ್ದವರೆಲ್ಲ ಅದರಲ್ಲಿ ತಲೆ ಬಾಚಿಕೊಂಡರು. ಹಂಪಕ್ಕನೂ ಬಂದಳು, ಹಾಕಿಯ ಮೇಲಿನ ಪ್ರೀತಿಯಿಂದಲ್ಲ, ಕನ್ನಡಿಯ ಮೇಲಿನ ಅಪನಂಬಿಕೆಯಿಂದ. ಅಂದರೆ ನನ್ನ ಕೈಯಲ್ಲಿ ಅದು ಒಡೆಯದೆ ಉಳಿಯುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ.

ಮೈದಾನದ ಪಡುವಣ ಬದಿಗೆ ಶಾಮಿಯಾನ, ದೊಡ್ಡ ಮನುಷ್ಯರು. ನನ್ನನ್ನು ಮೂಡಣ ಬದಿಯ ಗೆರೆಯ ಆಚೆ, ಬಿಸಿಲಿನಲ್ಲಿ, ಕಾಂಪೌಂಡಿನ ಗೋಡೆಗೆ ಮುಖ ಮಾಡಿ ಕೂರಿಸಿದರು. ಬೆನ್ನ ಹಿಂದೆ ಆಟ. ಬೆನ್ನ ಮೇಲೆ ಇಳಿಹೊತ್ತಿನ ಬಿಸಿಲು. ಮುಂದೆ ಕನ್ನಡಿ.

“ಯಜಮಾನ್ರ,” ಎಂದ ಪಕ್ಕದಲ್ಲಿ ನಿಂತವನೊಬ್ಬ, “ಗ್ವಾಡಿ ಕಡೆ ಯಾರು ಮುಂದ ಅದಾರ?”

“ನಿಮ್ಮಪ್ಪ ಅದಾನ,” ಎಂದೆ. ಆಮೇಲೆ ಅವನು ಕೇಳಲಿಲ್ಲ.

ಕನ್ನಡಿಯಲ್ಲಿ ಹಾಕಿ ನೋಡಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಹಾಕಿಯಲ್ಲಿ ಎಡಗೈಯವರಿಗೆಂದು ಬೇರೆ ಕೋಲಿಲ್ಲ, ಎಲ್ಲರೂ ಬಲಗೈಯಲ್ಲೇ ಹೊಡೆಯಬೇಕು. ನನ್ನ ಕನ್ನಡಿಯಲ್ಲಿ ಎಲ್ಲರೂ ಎಡಚರು. ಬಲಗಡೆಯಿಂದ ಓಡಿದವನು ಎಡಗಡೆಯಿಂದ ಬಂದ. ಒಂದು ಮೂಲೆಯಲ್ಲಿ ನನ್ನದೇ ಕಿವಿ ಅಡ್ಡ ಬಂದು, ನಮ್ಮ ಒಬ್ಬ ಆಟಗಾರ ಇಡೀ ಆಟ ನನ್ನ ಕಿವಿಯೊಳಗೇ ಆಡಿದ. ಆದರೂ ನೋಡಿದೆ. ಮೊದಲರ್ಧ ಯಾರೂ ಗೋಲು ಹೊಡೆಯಲಿಲ್ಲ. ಕಂಟೋನ್ಮೆಂಟ್ ಸೋಲದೆ ಅಷ್ಟು ಹೊತ್ತು ಆಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಎರಡನೆಯ ಅರ್ಧದಲ್ಲಿ ಮಾರೆಣ್ಣ ಚೆಂಡು ಹಿಡಿದು ಹೊರಟ. ನಾನು ಕುಳಿತಲ್ಲೇ ಅವನು ಹೋದತ್ತ ಕನ್ನಡಿ ತಿರುಗಿಸುತ್ತ ಹೋದೆ. ಬಿಸಿಲು ಕನ್ನಡಿಗೆ ಬಡಿದು ಎತ್ತ ಹೋಗುತ್ತಿದೆ ಎಂದು ನೋಡುವ ವ್ಯವಧಾನ ಯಾರಿಗಿತ್ತು? ಅದು ಹೋದದ್ದು ನೇರವಾಗಿ ಸಿರುಗುಪ್ಪದ ಗೋಲ್‌ಕೀಪರ್ ಜಡೆಪ್ಪನ ಕಣ್ಣಿಗೆ. ಅವನು ಕೈ ಅಡ್ಡ ಹಿಡಿದ. ಮಾರೆಣ್ಣ ಹೊಡೆದ. ಚೆಂಡು ಗೋಲಿನೊಳಗಿನ ಹಲಗೆಗೆ ಬಡಿದ ಸದ್ದು ಕೇಳಿಸಿತು.

ನಾನು ಕುಣಿದೆ. ಕುಣಿದು ಮುಗಿಸುವಷ್ಟರಲ್ಲಿ ಸಿರುಗುಪ್ಪದವರೆಲ್ಲ ನನ್ನ ಸುತ್ತ ನಿಂತಿದ್ದರು. ನಡುವೆ ಜಡೆಪ್ಪ, ಬಾಗಿಲಿನಷ್ಟು ಅಗಲದ ಮನುಷ್ಯ, ಇನ್ನೂ ಕಣ್ಣು ಉಜ್ಜುತ್ತಿದ್ದ. ಅಂಪೈರ್ ಚಿದಾನಂದಪ್ಪ ಮೇಷ್ಟ್ರು ಸೀಟಿ ಊದುತ್ತ ಬಂದರು. ಮೋಕ ಎಂಬ ಊರಿನ ಕಡೆಯವರು, ಸಾಲೆಯಲ್ಲಿ ಡ್ರಿಲ್ ಕಲಿಸುವವರು.

“ಕನ್ನಡಿ ಯಾಕ ತಂದಿರಿ?” ಎಂದು ಕೇಳಿದರು.

“ಆಟ ನೋಡಾಕ.”

“ಆಟ ಹಿಂದ ನಡದೈತಿ. ಕಣ್ಣು ಮುಂದ ಅದಾವು. ಎದ್ದು ತಿರುಗಿ ಕುಂತ್ರ ಮುಗಿದುಹೋತಲ್ಲ.”

ನನ್ನ ತಂಡದವರೇ ನನ್ನ ಕಣ್ಣಿಗೆ ಹೆದರುತ್ತಾರೆ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳುವುದು? ಹಂಪಕ್ಕ ಹೇಳಿಬಿಟ್ಟಳು. ಮೆಣಸಿನಕಾಯಿ ಘಾಟು ಏಳದ್ದರಿಂದ ಹಿಡಿದು ಕೌಲಾಲಂಪುರದ ತನಕ ಏನೂ ಬಿಡಲಿಲ್ಲ.

ಗುಂಪು ನಕ್ಕಿತು. ಮೇಷ್ಟ್ರು ನಗದೆ, ಗೋಲನ್ನು ಏನು ಮಾಡುವುದೆಂದು ಗದ್ದ ಉಜ್ಜಿಕೊಳ್ಳುತ್ತಿದ್ದರು. ನಗದೆ ಇದ್ದ ಇನ್ನೊಬ್ಬನೆಂದರೆ ಸಿರುಗುಪ್ಪದ ಮ್ಯಾನೇಜರ್, ಅಕ್ಕಿ ಗಿರಣಿಯ ಸಾಹುಕಾರ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸಂತೆಯಲ್ಲಿ ಒಳ್ಳೆ ಎತ್ತು ಕಂಡವನ ನೋಟ.

“ಮೇಷ್ಟ್ರ, ಗೋಲು ಇರ್ಲಿ ಬಿಡ್ರಿ,” ಎಂದ. “ನಮ್ಮ ತಕರಾರೇನಿಲ್ಲ. ಆದ್ರ ಒಂದು ಮಾತು. ಕನ್ನಡಿ ತಗೀಬೇಕು. ಈ ಯಜಮಾನ್ರು ಆಟದ ಕಡೆ ತಿರುಗಿ, ಕಣ್ಣು ತುಂಬ ನೋಡಬೇಕು.”

ಮಾರೆಣ್ಣನ ಮುಖ ಇಳಿಯಿತು. ಮೇಷ್ಟ್ರಿಗೆ ಇದಕ್ಕಿಂತ ಸುಲಭದ ನ್ಯಾಯ ಬೇಕಿರಲಿಲ್ಲ. ಒಪ್ಪಿಬಿಟ್ಟರು. ಸಾಹುಕಾರನೇ ಶಾಮಿಯಾನದಿಂದ ಕುರ್ಚಿ ತರಿಸಿದ. ಗೋಲಿ ಸೋಡಾ ಬಂತು. ತಿನ್ನಲು ಒಗ್ಗರಣೆ ಮಂಡಾಳು ಬಂತು. ನನ್ನ ಜೀವನದಲ್ಲಿ ಅಂಥ ಮರ್ಯಾದೆ ನನಗೆ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ.

“ನೋಡ್ರಿ ಸಾಮಿ, ಚಂದಗೆ ನೋಡ್ರಿ,” ಎಂದು ಸಾಹುಕಾರ ನನ್ನ ಹೆಗಲು ನೇವರಿಸಿದ.

ಮಾರೆಣ್ಣ ಓಡುತ್ತ ನನ್ನ ಪಕ್ಕ ಹಾಯುವಾಗ ಪಿಸುಗುಟ್ಟಿದ: “ಎರ್ರೆಣ್ಣ, ಕೈ ಮುಗಿತೀನಿ. ಕಣ್ಣು ಮುಚ್ಚಿಕೋರ್ರಿ.”

ಮುಚ್ಚಿದೆ. ದೇವರಾಣೆ ಮುಚ್ಚಿದೆ. ಆದರೆ ಕೋಲಿಗೆ ಕೋಲು ಬಡಿಯುವ ಸದ್ದು ಕೇಳಿ, ಜನ ಕೂಗಿದ್ದು ಕೇಳಿ, ಯಾವ ಗಂಡಸಿನ ಕಣ್ಣು ಮುಚ್ಚಿರುತ್ತದೆ? ಒಂದೇ ಒಂದು ಸಲ ತೆರೆದೆ. ನಮ್ಮ ಹುಡುಗರು ಸಾಲಾಗಿ ಮುಂದೆ ಓಡುತ್ತಿದ್ದರು, ಬಲಗೈಯವರಾಗಿ, ನೆಟ್ಟಗೆ. ಎಷ್ಟು ಚಂದ ಕಂಡರೆಂದರೆ ನನ್ನ ಬಾಯಿ ತಾನಾಗಿ ತೆರೆಯಿತು. ಚೆಂಡು ನಮ್ಮವನ ಕೋಲಿನಿಂದ ಜಾರಿತು. ಸಿರುಗುಪ್ಪದವನು ಎತ್ತಿಕೊಂಡು ಹೋಗಿ ಗೋಲು ಹೊಡೆದ. ಒಂದಕ್ಕೆ ಒಂದು.

ಸಿರುಗುಪ್ಪದವರು ಆಟಗಾರನನ್ನು ಬಿಟ್ಟು ನನ್ನನ್ನು ಅಪ್ಪಿಕೊಂಡರು. ಸಾಹುಕಾರ ಇನ್ನೊಂದು ಸೋಡಾ ಒಡೆಸಿದ. ಇನ್ನೊಂದು ಗೋಲು ಬಿದ್ದರೆ ಕಪ್ಪೂ ಹೋಯಿತು, ಮೈದಾನವೂ ಹೋಯಿತು. ಕಣ್ಣು ತೆರೆದರೆ ಸೋಲು, ಮುಚ್ಚಲು ಆಗದು. ಆಗ ಜೋಗಮ್ಮನ ಮಾತು ನೆನಪಾಯಿತು. ನನ್ನ ಕಣ್ಣು ಕೆಟ್ಟದ್ದಲ್ಲ. ನಾನು ಯಾರನ್ನು ಪ್ರೀತಿಯಿಂದ ನೋಡುತ್ತೇನೋ ಅವರಿಗೆ ಮಾತ್ರ ತಗಲುತ್ತದೆ.

ಹಾಗಿದ್ದರೆ ಯಾರನ್ನು ನೋಡುವುದು ಎಂಬುದನ್ನು ಬದಲಿಸಿದರಾಯಿತು.

ನಾನು ಕುರ್ಚಿಯನ್ನು ಜಡೆಪ್ಪನ ಗೋಲಿನ ಕಡೆ ತಿರುಗಿಸಿದೆ. ಅವನನ್ನು ಪ್ರೀತಿಯಿಂದ ನೋಡಲು ಶುರು ಮಾಡಿದೆ. ಮೊದಮೊದಲು ಕಷ್ಟವಾಯಿತು. ಬೇರೆ ಊರಿನ ಗೋಲ್‌ಕೀಪರನನ್ನು ಪ್ರೀತಿಸುವುದೆಂದರೆ ಬೇರೆಯವರ ಎಮ್ಮೆಯನ್ನು ಹೊಗಳಿದ ಹಾಗೆ. ಆದರೆ ಅಷ್ಟರಲ್ಲಿ ನಮ್ಮವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಜಡೆಪ್ಪ ಕಾಲು ಚಾಚಿ ತಡೆದ. ಮತ್ತೆ ಹೊಡೆದರು. ನೆಲಕ್ಕೆ ಬಿದ್ದವನು ಬಿದ್ದಲ್ಲೇ ಹೊರಳಿ ಅದನ್ನೂ ತಡೆದ. ಅಷ್ಟು ದಪ್ಪ ದೇಹ ಬೆಕ್ಕಿನ ಹಾಗೆ ಎದ್ದು ನಿಂತಿತು. ನಾನು ಸುಳ್ಳು ಹೇಳುವವನಲ್ಲ, ನನಗೆ ನಿಜವಾಗಿಯೂ ಮನಸ್ಸು ತುಂಬಿ ಬಂತು.

“ಏನ್ ಮನಶಾ ಇವನು,” ಎಂದೆ, ಎಲ್ಲರಿಗೂ ಕೇಳುವಂತೆ. “ಏನ್ ತ್ವಾಳು, ಏನ್ ತೊಡಿ. ಇವ್ರವ್ವ ಏನು ತಿನ್ನಿಸಿ ಬೆಳಸ್ಯಾಳೋ. ಜ್ವರ ಗಿರ ಏನೂ ಬರಂಗಿಲ್ಲ ನೋಡು ಇಂಥವನಿಗೆ.”

ಸಾಹುಕಾರನ ಕೈಯಲ್ಲಿನ ಸೋಡಾ ಅಲ್ಲೇ ನಿಂತಿತು.

“ಸಾಮಿ, ಹಂಗ ಅನಬಾರ್ದು. ಥೂ ಥೂ ಅನ್ರಿ.”

“ಯಾಕ ಅನಬೇಕು? ಚಂದ ಇದ್ದದ್ದಕ್ಕ ಚಂದ ಅಂದೆ.”

“ಆ ಕಡೆ ನೋಡ್ರಿ, ನಿಮ್ಮವರು ಆ ಕಡೆ ಅದಾರ.”

“ಕಣ್ಣು ತುಂಬ ನೋಡು ಅಂದಿರಿ, ನೋಡಾಕತ್ತೀನಿ. ಏನು ಮೀಸಿ ಅದಾವು ನೋಡ್ರಿ ಅವನಿಗೆ.”

ಸಾಹುಕಾರ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕಣ್ಣಿಗೆ ಅಡ್ಡ ಹಿಡಿಯಲು ಬಂದ. ಹಂಪಕ್ಕ ಆ ಟವೆಲ್ ಕಸಿದುಕೊಂಡು ಕನ್ನಡಿ ಒರೆಸತೊಡಗಿದಳು. ಅತ್ತ ಜಡೆಪ್ಪನಿಗೆ ನನ್ನ ಮಾತು ಕೇಳಿಸಿತ್ತು. ಅವನು ಒಮ್ಮೆ ನನ್ನ ಕಡೆ ನೋಡಿದ, ಎದೆ ಮುಟ್ಟಿಕೊಂಡ, ನೆಲಕ್ಕೆ ಉಗುಳಿದ. ಮತ್ತೆ ನೋಡಿದ. ನಾನು ನಕ್ಕೆ, ಮಗನನ್ನು ನೋಡಿ ನಕ್ಕ ಹಾಗೆ. ಅವನ ಹಣೆಯಲ್ಲಿ ಬೆವರು ಮೂಡಿದ್ದು ಇಲ್ಲಿಂದಲೇ ಕಂಡಿತು. ನಾನು ಕಣ್ಣು ಮಿಟುಕಿಸಲಿಲ್ಲ.

ಜಡೆಪ್ಪನ ಹಿಂದಿನ ಹಲಗೆ ಸದ್ದು ಮಾಡಿತು.

ಮೈದಾನ ಎದ್ದು ಕುಣಿಯಿತು. ಎರಡಕ್ಕೆ ಒಂದು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಕೊನೆಯ ಸೀಟಿ. ಕಪ್ ಕೊಡುವಾಗ ನೋಡೋಣವೆಂದು ಎದ್ದರೆ ಹಿಂದಿನಿಂದ ಜೋಗಮ್ಮ ಬಂದು ಸೆರಗಿನಿಂದ ನನ್ನ ಕಣ್ಣು ಕಟ್ಟಿ ಹಿಡಿದಳು.

“ಕೈಗೆ ಬರೋ ತನಕ ತಡಿ ಯಪ್ಪಾ,” ಎಂದಳು.

ಸೆರಗು ತೆಗೆದಾಗ ಕಪ್ ನನ್ನ ಕೈಯಲ್ಲೇ ಇತ್ತು.

ಅಲ್ಲಿಂದ ಹೊಸ ಪೀಡೆ ಶುರುವಾಯಿತು. ಅಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ: “ಎರ್ರೆಣ್ಣ, ಎರಡನೇ ಗೋಲು ಯಾರು ಹೊಡದ್ರು? ಹೆಂಗ ಹೊಡದ್ರು?” ಜಡೆಪ್ಪನ ಮೀಸೆಯ ಒಂದೊಂದು ಕೂದಲನ್ನೂ ನಾನು ಹೇಳಬಲ್ಲೆ. ಗೋಲು ಮಾತ್ರ ಕಂಡಿಲ್ಲ. ಮಾರೆಣ್ಣನನ್ನು ಕೇಳೋಣವೆಂದರೆ ಮಾನ ಹೋಗುತ್ತದೆ. ಹಂಪಕ್ಕನೂ ಕಂಡಿಲ್ಲ, ಆ ಹೊತ್ತಿಗೆ ಕನ್ನಡಿ ಒರೆಸುತ್ತಿದ್ದಳು. ಕೇಳಿದವರಿಗೆಲ್ಲ ಬೈದು ಕಳಿಸಿದೆ.

ವಾರ ಕಳೆದ ಮೇಲೆ ಅಂಗಡಿಯ ಮುಂದೆ ಬಾಗಿಲಿನಷ್ಟು ಅಗಲದ ನೆರಳು ಬಿತ್ತು. ಜಡೆಪ್ಪ. ಕೆನ್ನೆ ಇಳಿದಿದ್ದವು, ಕೊರಳಿಗೆ ಮಫ್ಲರ್ ಸುತ್ತಿದ್ದ. ನಾನು ಪಾನಾ ಎಲ್ಲಿದೆ ಎಂದು ನೋಡಿದೆ. ಆದರೆ ಅವನು ಜಗಳಕ್ಕೆ ಬಂದಿರಲಿಲ್ಲ.

“ಅವತ್ತಿನಿಂದ ಅನ್ನ ಸೇರವಲ್ದು ರೀ,” ಎಂದ ತಗ್ಗಿದ ದನಿಯಲ್ಲಿ. “ನಮ್ಮವ್ವ ಕಳಿಸ್ಯಾಳ. ಯಾರ ಕಣ್ಣು ತಗಲೈತೋ ಅವರ ಪಾದದ ಮಣ್ಣು ತಂದು ನಿವಾಳಿಸಿ ಇಳಿ ತಗದ್ರ ಹೋಗ್ತೈತಂತ. ಒಂದೀಟು ಮಣ್ಣು ಕೊಡ್ರಿ.”

ಸಿಟ್ಟಿನ ಮನುಷ್ಯ ನಾನು. ಆದರೆ ಅಷ್ಟು ದೊಡ್ಡ ಮನುಷ್ಯ ಕಾಗದ ಹಿಡಿದು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕುಳಿತರೆ ಏನು ಹೇಳುವುದು? ಎರಡೂ ಕಾಲು ಮಣ್ಣಿಗೆ ಒತ್ತಿ ತೆಗೆದೆ. ಅವನು ಮಣ್ಣು ಬಳಿದುಕೊಂಡು ಪೊಟ್ಟಣ ಕಟ್ಟಿದ. ಹಂಪಕ್ಕ ಚಹಾ ತಂದಳು. ಕುಡಿದ.

ಅವನು ಹೊರಡುವಾಗ ನನಗೆ ತಡೆಯಲಾಗಲಿಲ್ಲ. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕೇಳಿದೆ.

“ಜಡೆಪ್ಪ, ಆ ಎರಡನೇ ಗೋಲು ಯಾರು ಹೊಡದ್ರಪ?”

ಅವನು ಪೊಟ್ಟಣವನ್ನು ಅಂಗಿಯ ಜೇಬಿಗೆ ಇಳಿಸಿ ನನ್ನ ಮುಖ ನೋಡಿದ.

“ನಾ ಎಲ್ಲಿ ನೋಡೀನ್ರಿ,” ಎಂದ. “ನಾ ನಿಮ್ಮನ್ನ ನೋಡಾಕತ್ತಿದ್ದೆ.”