ವರ್ಲಿನ್‌ನ ಎಡಗಿವಿ

ವರ್ಲಿನ್ ಸ್ಟಾಟ್ಸ್‌ನ ಎಡಗಿವಿ ಸತ್ತು ಎಷ್ಟೋ ವರ್ಷವಾಗಿತ್ತು. ಊರಿಗೆ ಗೊತ್ತಿರಲಿಲ್ಲ, ಮಗಳು ಮರ್ಲಾಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವನೇ ನೋಡಿಕೊಂಡಿದ್ದ. ಮೀಸೆ ಮೂಡುವ ಮೊದಲೇ ಬಲಭುಜಕ್ಕೆ ಕೋವಿ ಹಚ್ಚಿದವನು. ಹಾಗೆ ಹಿಡಿಯುವವರ ಎಡಗಿವಿ ನಳಿಗೆಯ ಕಡೆಗೇ ಇರುತ್ತದೆ, ಸಿಡಿತವೆಲ್ಲ ಅದರ ಪಾಲು. ಬಲಗಿವಿ ಹೇಗೋ ಕಾಲ ಹಾಕುತ್ತಿತ್ತು. ಹತ್ತಿರ ಬಂದು ಹೇಳಿದರೆ ಪಿಸುಮಾತೂ ಕೇಳಿಸುತ್ತಿತ್ತು, ಬೇರೆ ಸದ್ದು ಬೆರೆತರೆ ಮಾತ್ರ ಮಾತು ಬಿಡಿಸಿ ತಿಳಿಯುತ್ತಿರಲಿಲ್ಲ.

ಕಿವುಡನಿಗಿಂತ ಕಿವುಡು ಮುಚ್ಚಿಡುವವನಿಗೆ ಕೆಲಸ ಜಾಸ್ತಿ. ಹೋಟೆಲಿನಲ್ಲಿ ವರ್ಲಿನ್ ಎಡಮಗ್ಗುಲು ಗೋಡೆಗೆ ಬರುವಂತೆ ಕೂರುತ್ತಿದ್ದ. ಚರ್ಚಿನಲ್ಲಿ ಸಾಲಿನ ಎಡತುದಿ ಅವನದೇ. ನಾಲ್ಕು ಜನ ನಕ್ಕರೆ ತಾನೂ ನಗುತ್ತಿದ್ದ, ಯಾರಾದರೂ ಮುಖ ನೋಡಿ ಮಾತು ನಿಲ್ಲಿಸಿದರೆ ಹೌದೆನ್ನುವಂತೆ ತಲೆಯಾಡಿಸುತ್ತಿದ್ದ. ತಲೆಯಾಡಿಸಿದವನನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಇದು ಅವನು ಕಂಡುಕೊಂಡಿದ್ದ ದೊಡ್ಡ ಉಪಾಯ.

ಹೇಳಿಬಿಟ್ಟರೆ ಗಂಟೇನು ಹೋಗುತ್ತಿತ್ತು ಎಂದು ಹೊರಗಿನವರು ಕೇಳಬಹುದು. ಅಮೆರಿಕದ ಮಿಸ್ಸೌರಿಯ ಈ ಗುಡ್ಡಸಾಲಿನಲ್ಲಿ ಕಾಡಿನ ಟರ್ಕಿಕೋಳಿ ಬೇಟೆಗಾರನ ಮರ್ಯಾದೆ ಕೋವಿಯಲ್ಲಿಲ್ಲ, ಕಿವಿಯಲ್ಲಿದೆ. ನಸುಕಿನಲ್ಲಿ ಹುಂಜ ಒಂದು ಸಲ ಕೇಕೆ ಹಾಕಿದರೆ ಅದು ಯಾವ ದಿಣ್ಣೆಯ ಯಾವ ಮರದಲ್ಲಿ ಕೂತಿದೆ ಎಂದು ಹೇಳಬೇಕು. ಕಿವಿ ಸರಿಯಿದ್ದಾಗ ವರ್ಲಿನ್ ಕೇಳಿ ಹೇಳುತ್ತಿದ್ದ, ಈಗ ಗುಡ್ಡದ ಪರಿಚಯದ ಮೇಲೆ ಊಹಿಸಿ ಹೇಳುತ್ತಿದ್ದ. "ಅವ್ನಿಗೆ ಟರ್ಕಿ ಆಕಳಿಸಿದ್ದೂ ಕೇಳಿಸುತ್ತೆ ಬಿಡ್ರೀ" ಎಂದು ದನದ ದಾಣಿ ಮಾರುವ ಅಂಗಡಿಯ ಹಾಲಿಸ್ ಎಲ್ಲರೆದುರು ಹೊಗಳುತ್ತಿದ್ದ. ಹೊಗಳಿಕೆಯ ರುಚಿ ಹತ್ತಿದವನಿಗೆ ಅದನ್ನು ಬಿಡುವುದು ಹೆಂಡ ಬಿಡುವಷ್ಟೇ ಕಷ್ಟ.

ಅಳಿಯ ಡೆಂಟನ್‌ನ ಹುಚ್ಚು ಬೇರೆ. ಚಾವಣಿ ಹೊದಿಸುವ ಕೆಲಸ ಮಾಡುತ್ತಿದ್ದ ಅವನಿಗೆ ಬೇಟೆಗಿಂತ ಬೇಟೆಯ ವಿಡಿಯೊ ಮುಖ್ಯ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕ್ಯಾಮೆರಾ ಒಂದು ಅವನ ಕೋವಿಯ ನಳಿಗೆಗೆ, ಇನ್ನೊಂದು ಮಾವನ ಟೋಪಿಗೆ. ತೆಗೆದದ್ದನ್ನೆಲ್ಲ ಕತ್ತರಿಸಿ ಜೋಡಿಸಿ ಅಂತರ್ಜಾಲಕ್ಕೆ ಹಾಕುತ್ತಿದ್ದ, ನೋಡುವವರೂ ಬೇಕಾದಷ್ಟು ಜನ ಇದ್ದರು. ಅವರಿಗೆ ಇವನಿಗಿಂತ ಮುದುಕನೇ ಇಷ್ಟ.

"ಮಾವ, ಸ್ವಲ್ಪ ನಗ್ರೀ. ಸತ್ತಿರೋದು ಟರ್ಕಿ, ನೀವಲ್ಲ."

"ಆ ಡಬ್ಬಾನ ಇನ್ನೊಂದ್ಸಲ ನನ್ನ ಮೂಗಿನ ಹತ್ರ ತಂದ್ರೆ ಕೊಳಕ್ಕೆ ಎಸೀತೀನಿ ನೋಡು."

"ಎಸೀರಿ, ಅದು ನೀರಲ್ಲೂ ವಿಡಿಯೊ ತೆಗೆಯುತ್ತೆ. ಮೀನಿನ ಚಾನೆಲ್ ಶುರು ಮಾಡೋಣ."

ವರ್ಲಿನ್ ಬೈದುಕೊಂಡೇ ಟೋಪಿ ಮುಂದೆ ಚಾಚುತ್ತಿದ್ದ. ಗಂಡು ಮಕ್ಕಳಿಲ್ಲದ ಅವನಿಗೆ ಅಳಿಯನೆಂದರೆ ಪ್ರಾಣ.

ನೋಡುವವರಿಗೆ ಹಿಡಿಸಿದ್ದು ಬಾಲದ ಆಟ. ಒಣಗಿಸಿದ ಟರ್ಕಿ ಬಾಲವನ್ನು ಬೀಸಣಿಗೆಯಂತೆ ಮುಖದ ಮುಂದೆ ಹಿಡಿದು, ಹುಲ್ಲಿನಲ್ಲಿ ಹೊಟ್ಟೆ ಎಳೆದುಕೊಂಡು ಹುಂಜದತ್ತ ಹೋಗುವುದು. ತನ್ನ ಜಾಗಕ್ಕೆ ಬೇರೆ ಗಂಡು ಬಂತೆಂದು ಹುಂಜ ರೋಷದಿಂದ ಮೇಲೇರಿ ಬರುತ್ತದೆ. ಆ ವಸಂತದಲ್ಲಿ ಡೆಂಟನ್ ಬಾಲದ ಕೆಳಗೆ ಕೆಂಪು ಬಿಳಿ ನೀಲಿ ಬಳಿದ ಪ್ಲಾಸ್ಟಿಕ್ ತಲೆಯನ್ನೂ ಸಿಕ್ಕಿಸಿದ್ದ. ವರ್ಲಿನ್‌ಗೆ ಇದು ಹಿಡಿಸಲಿಲ್ಲ. ಹುಂಜದ ಕೆಂಪು ತಲೆ ಕಣ್ಣಾರೆ ಕಾಣದೆ ಕೋವಿಯ ಕುದುರೆ ಎಳೆಯಬಾರದೆಂದು ಅಳಿಯನಿಗೆ ಕಲಿಸಿದವನೇ ಅವನು.

"ಸಾಯೋಕೆ ಸಿಂಗಾರ ಮಾಡ್ಕೊಂಡ ಹಾಗಿದೆ ಕಣೋ ಇದು."

"ನೀವು ಇದ್ದೀರಲ್ಲ ಕಾಯೋಕೆ. ನಾನು ಯಾವ ಕಡೆ ಹೋಗ್ತೀನಿ ಅಂತ ಹೇಳಿಟ್ಟೇ ಹೋಗ್ತೀನಿ."

ಏಪ್ರಿಲ್ ತಿಂಗಳ ಆ ಬೆಳಿಗ್ಗೆ ಪಿಕಪ್ಪಿನಲ್ಲಿ ಬರುವಾಗಲೇ ಲೆಕ್ಕಾಚಾರವಾಗಿತ್ತು. ವರ್ಲಿನ್ ಹುಲ್ಲುಗಾವಲಿನ ಅಂಚಿನ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತು ಹೆಣ್ಣು ಟರ್ಕಿಯ ದನಿಯಲ್ಲಿ ಕರೆಯಬೇಕು, ಡೆಂಟನ್ ಬಲಗಡೆ ಕೊಳ ಬಳಸಿಕೊಂಡು ಬಾಲ ಹಿಡಿದು ಹೋಗಬೇಕು. ಕೂತಾಗ ಡೆಂಟನ್ ಮಾವನ ಎಡಕ್ಕೆ ಕೂತ. ವರ್ಲಿನ್‌ಗೆ ಅದು ಸರಿಬರಲಿಲ್ಲ. ಈ ಕಡೆ ಬಾ ಅಂದರೆ ಯಾಕೆ ಅಂತಾನೆ, ಏನು ಹೇಳುವುದು? ಸುಮ್ಮನಾದ.

ಬೆಳಕು ಹರಿಯಿತು. ವರ್ಲಿನ್ ತಾನೇ ಕೆತ್ತಿದ ಮರದ ಪೆಟ್ಟಿಗೆಯ ಮುಚ್ಚಳ ತೀಡಿ ಹೆಣ್ಣಿನ ಕೂಗು ಹೊರಡಿಸಿದ. ಹುಂಜ ಕೇಕೆ ಹಾಕಿತು. ಇನ್ನೊಂದು ಸಲ ತೀಡಿದ. ಈಗ ಎರಡು ಹುಂಜ ಕೂಗಿದವು. ಎಲ್ಲಿಂದ? ಒಂದೇ ಕಿವಿಯಿದ್ದವನಿಗೆ ಸದ್ದು ತಿಳಿಯುತ್ತದೆ, ದಿಕ್ಕು ತಿಳಿಯುವುದಿಲ್ಲ. ಆಗ ಡೆಂಟನ್ ಅವನ ಎಡಗಿವಿಯತ್ತ ಬಾಗಿ ಏನೋ ಪಿಸುಗುಟ್ಟಿದ. ವರ್ಲಿನ್‌ಗೆ ಮುಟ್ಟಿದ್ದು ಬರೀ ಉಸಿರಿನ ಬಿಸಿ. ಬಲಗಡೆ ಹೊರಟೆ ಎಂದಿರಬೇಕು, ಇನ್ನೇನು ಹೇಳುತ್ತಾನೆ ಅಂದುಕೊಂಡ. ತಲೆಯಾಡಿಸಿದ.

ಡೆಂಟನ್ ಮರದ ಹಿಂದಕ್ಕೆ ತೆವಳಿ ಮರೆಯಾದ. ವರ್ಲಿನ್ ತಿರುಗಿ ನೋಡಲಿಲ್ಲ. ಕತ್ತು ಒಂದಿಷ್ಟು ಆಡಿದರೂ ಟರ್ಕಿ ಕಂಡುಹಿಡಿಯುತ್ತದೆ, ಹಾಗಾಗಿ ಬೇಟೆಗಾರ ಕಲ್ಲಾಗಿ ಕೂರಬೇಕು. ಕೂತ. ಎಷ್ಟೋ ಹೊತ್ತಿನ ಮೇಲೆ ಎಡಗಡೆ ಬೇಲಿಯ ಬಳಿ ಹುಲ್ಲಿನ ಮೇಲೆ ಬಾಲ ಅರಳಿತು, ಅದರ ಕೆಳಗೆ ಕೆಂಪು ತಲೆ ಸ್ಪಷ್ಟವಾಗಿ ಕಂಡಿತು. ಅಳಿಯ ಬಲಗಡೆ ಇದ್ದಾನಲ್ಲ. ವರ್ಲಿನ್ ಕುದುರೆ ಎಳೆದ.

ಡೆಂಟನ್ ಸಾಯಲಿಲ್ಲ. ಕೋವಿಯಿಂದ ಸಿಡಿದ ಸೀಸದ ಚರೆ ಎರಡೂ ಕಣ್ಣು ತೆಗೆದುಕೊಂಡು ಹೋಗಿತ್ತು. ಹೆಲಿಕಾಪ್ಟರ್ ಬಂದು ಅವನನ್ನು ಪಟ್ಟಣದ ಆಸ್ಪತ್ರೆಗೆ ಹೊತ್ತೊಯ್ದಿತು. ಅರಣ್ಯ ಇಲಾಖೆಯ ಅಧಿಕಾರಿ ಸಣ್ಣ ವಯಸ್ಸಿನವನು, ಮುದುಕನ ಮುಖ ನೋಡಿ ಗಟ್ಟಿಯಾಗಿ ಕೇಳಿದ.

"ಯಾವ ಕಡೆ ಹೋಗ್ತೀನಿ ಅಂದಿದ್ರು ನಿಮ್ಮಳಿಯ?"

"ಬಲಗಡೆ. ಕೊಳದ ಕಡೆ."

"ಹೊರಡೋಕೆ ಮುಂಚೆ ಬೇರೆ ಏನಾದ್ರೂ ಹೇಳಿದ್ರಾ?"

"ಅದನ್ನೇ ಹೇಳ್ದ."

ಮೊದಲನೆಯದು ನಿಜ, ಎರಡನೆಯದು ಊಹೆ. ಊಹೆಯನ್ನು ಕಿವಿಯಾರೆ ಕೇಳಿದಂತೆ ಹೇಳಿದರೆ ಅದಕ್ಕೆ ಸುಳ್ಳು ಎನ್ನದೆ ಬೇರೆ ಹೆಸರಿಲ್ಲ. ಡೆಂಟನ್‌ನ ಕೋವಿಯ ಮೇಲಿದ್ದ ಕ್ಯಾಮೆರಾ ಚರೆಗೆ ಸಿಕ್ಕು ಪುಡಿಯಾಗಿತ್ತು. ವರ್ಲಿನ್‌ನ ಟೋಪಿಯದು ಅವನು ಓಡುವಾಗ ಎಲ್ಲೋ ಬಿದ್ದಿತ್ತು, ಅಧಿಕಾರಿ ಹುಡುಕಿದರೂ ಸಿಗಲಿಲ್ಲ. ಡೆಂಟನ್‌ಗೆ ಪ್ರಜ್ಞೆ ಬಂದಾಗ ಆ ಬೆಳಗಿನ ನೆನಪೇ ಅಳಿಸಿಹೋಗಿತ್ತು. ಉಳಿದದ್ದು ವರ್ಲಿನ್‌ನ ಮಾತೊಂದೇ. ಕಾಗದಕ್ಕೂ ಅದೇ ಹೋಯಿತು, ಊರಿಗೂ ಅದೇ ಹಬ್ಬಿತು.

"ನಿಂದೇನೂ ತಪ್ಪಿಲ್ಲ ಮಾರಾಯ" ಎಂದ ಹಾಲಿಸ್. "ಬಲಕ್ಕೆ ಅಂದೋನು ಎಡಕ್ಕೆ ಹೋದ್ರೆ, ಅದೂ ಬಾಲ ಹಿಡ್ಕೊಂಡು, ದೇವ್ರೂ ಕಾಯಲ್ಲ." ಅಂತರ್ಜಾಲದಲ್ಲಿ ಮೊನ್ನೆ ಮೊನ್ನೆಯವರೆಗೆ ಶಭಾಷ್ ಎನ್ನುತ್ತಿದ್ದವರು ಈಗ ಎಡ ಬಲ ತಿಳಿಯದ ಪೆದ್ದ ಎಂದು ಬರೆದರು. ಮರ್ಲಾ ಅದನ್ನು ಗಂಡನಿಗೆ ಓದಿ ಹೇಳಲಿಲ್ಲ, ಆದರೆ ಬೇರೆ ಯಾರೋ ಹೇಳಿದರು. ಇಂಥ ಸುದ್ದಿ ತಲುಪಿಸುವ ಪುಣ್ಯಾತ್ಮರಿಗೆ ಎಲ್ಲೂ ಬರವಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಡೆಂಟನ್ ತಡವರಿಸಿ ಮಾವನ ಕೈ ಹಿಡಿದುಕೊಂಡ. "ಮಾವ, ಹೇಳಿದ್ದೊಂದು, ಮಾಡಿದ್ದೊಂದು ಆಯ್ತು ನಂದು. ನಿಮ್ಮ ಕೈಯಲ್ಲಿ ಇಂಥ ಕೆಲ್ಸ ಮಾಡಿಸ್ಬಿಟ್ಟೆ. ತಪ್ಪಾಯ್ತು."

ಕಣ್ಣು ಕಳೆದುಕೊಂಡವನು ಕಣ್ಣು ತೆಗೆದವನ ಬಳಿ ಕ್ಷಮೆ ಕೇಳುತ್ತಿದ್ದ. ಆಗಲಾದರೂ ವರ್ಲಿನ್ ಬಾಯಿ ಬಿಡಬೇಕಿತ್ತು. ಬಿಟ್ಟ, ಆದರೆ ಬಂದ ಮಾತು ಬೇರೆ. "ಬಿಡು ಮಗಾ, ಆಗಿದ್ದಾಯ್ತು" ಎಂದ. ಅಂದಿನಿಂದ ಒಂದೇ ಪ್ರಶ್ನೆ. ಡೆಂಟನ್ ಕೊನೆಗೆ ಪಿಸುಗುಟ್ಟಿದ್ದೇನು? ಬಲಕ್ಕೆ ಎಂದೇ ಇದ್ದಿರಬಹುದಲ್ಲ. ಹಾಗಿದ್ದರೆ ತಾನು ಹೇಳಿದ್ದು ನಿಜ, ತಾನು ನಿರಪರಾಧಿ. ಹಾಗಿಲ್ಲದಿದ್ದರೆ? ಊಟಕ್ಕೆ ಕೂತರೂ ಇದೇ, ಪಿಕಪ್ ಓಡಿಸುವಾಗಲೂ ಇದೇ.

ಜೂನಿನಲ್ಲಿ ಹುಲ್ಲು ಕೊಯ್ದಾಗ ಬೇಲಿಯ ಬುಡದಲ್ಲಿ ಕ್ಯಾಮೆರಾ ಸಿಕ್ಕಿತು. ವರ್ಲಿನ್ ಅದನ್ನು ಜೇಬಿಗಿಳಿಸಿ ಮನೆಗೆ ತಂದು, ಬಾಗಿಲು ಹಾಕಿ, ಡೆಂಟನ್ ಕಲಿಸಿದ್ದಂತೆ ಟೀವಿಗೆ ಸಿಕ್ಕಿಸಿದ. ದನಿ ಪೂರ್ತಿ ಏರಿಸಿ ಬಲಗಿವಿಯನ್ನು ಟೀವಿಗೆ ಒತ್ತಿ ಕೂತ. ಹುಂಜದ ಕೇಕೆ ಕೇಳಿಸಿತು. ಕಾಗೆ ಕೇಳಿಸಿತು. ತನ್ನ ಪೆಟ್ಟಿಗೆಯ ಸದ್ದು ಕೇಳಿಸಿತು. ಡೆಂಟನ್‌ನ ಭುಜ ಎಡಗಡೆಯಿಂದ ಒಳಕ್ಕೆ ಬಾಗಿತು. ಆಮೇಲೆ ಗಾಳಿಯ ಬುಸುಬುಸು, ಅಷ್ಟೇ. ಮರುಕ್ಷಣ ಚಿತ್ರ ಮೇಲೆ ಕೆಳಗೆ ಆಡಿತು. ಅದು ತನ್ನದೇ ತಲೆ, ಹೂಂಗುಟ್ಟುತ್ತಿದ್ದದ್ದು.

ಮತ್ತೆ ಹಾಕಿದ. ಮತ್ತೆ ಮತ್ತೆ ಹಾಕಿದ. ಪಿಸುಮಾತು ಕ್ಯಾಮೆರಾಗೆ ಸಿಕ್ಕಿಲ್ಲ ಎಂದು ಕೊನೆಗೆ ತೀರ್ಮಾನಿಸಿದ. ತನಗೆ ಕೇಳಿಸದ್ದು ಇನ್ನೊಬ್ಬರಿಗೆ ಕೇಳಿಸಬಹುದೆಂದು ಅವನಿಗೆ ಹೊಳೆಯಲಿಲ್ಲ. ಲೋಕವೇ ತೀರಾ ಮೆತ್ತಗೆ ಮಾತಾಡುತ್ತದೆಂದು ಎಷ್ಟೋ ವರ್ಷದಿಂದ ನಂಬಿ ನಂಬಿ, ಅದು ನಿಜವೇ ಆಗಿಹೋಗಿತ್ತು. ಕ್ಯಾಮೆರಾವನ್ನು ಮೀನಿನ ಗಾಳದ ಡಬ್ಬಿಯಲ್ಲಿ ಇಟ್ಟ.

ಚಳಿ ಶುರುವಾದ ಮೇಲೆ ಒಂದು ಭಾನುವಾರ ಚರ್ಚು ಮುಗಿಸಿ ಮೂವರೂ ಮರ್ಲಾಳ ಅಡುಗೆಮನೆಯಲ್ಲಿ ಕೂತಿದ್ದರು. ಬೀನ್ಸು, ಜೋಳದ ರೊಟ್ಟಿ, ಕರಿದ ಆಲೂಗಡ್ಡೆ. ಗಂಡನಿಗೆ ಕಾಣದ್ದನ್ನೆಲ್ಲ ಹೇಳುವುದು ಈಗ ಮರ್ಲಾಗೆ ಅಭ್ಯಾಸ. "ರೊಟ್ಟಿ ನಿನ್ನ ಬಲಗೈ ಹತ್ರ. ಅಪ್ಪ ನಗ್ತಿದಾರೆ. ಅಪ್ಪ ಬೇಡ ಅಂತ ತಲೆ ಆಡಿಸ್ತಿದಾರೆ, ನಾನು ಬಡಿಸೋಳೇ."

ಡೆಂಟನ್ ತಟ್ಟೆ ಸರಿಸಿದ. "ಮಾವ, ನಿಮ್ಮ ಟೋಪೀಲಿದ್ದ ಕ್ಯಾಮೆರಾ ಸಿಗ್ಲೇ ಇಲ್ವಲ್ಲ" ಎಂದ, ಗಟ್ಟಿಯಾಗಿಯೇ. "ನಾನು ಕೊನೇ ಸಲ ಕಂಡ ಬೆಳಗು ಅದ್ರಲ್ಲಿದೆ. ನೋಡೋಕಂತೂ ಆಗಲ್ಲ, ಹುಂಜ ಕೂಗಿದ್ದಾದ್ರೂ ಕೇಳಿಸ್ಕೊಬೇಕು ಅಂತ ಆಸೆ."

ವರ್ಲಿನ್‌ಗೆ ಹೆದರಿಕೆಯಾಗಲಿಲ್ಲ. ಕೊಡುವಂಥದ್ದು ಏನಾದರೂ ತನ್ನ ಬಳಿ ಇದೆಯಲ್ಲ ಎಂದು ಸಂತೋಷವೇ ಆಯಿತು. "ಸಿಕ್ಕಿದೆ ಕಣೋ. ನಿಂಗೆ ಸಂಕಟ ಆದೀತು ಅಂತ ಹೇಳಿರ್ಲಿಲ್ಲ." ರಸ್ತೆ ದಾಟಿ ತನ್ನ ಮನೆಗೆ ಹೋಗಿ ತಂದೇಬಿಟ್ಟ.

ಮರ್ಲಾ ಅದನ್ನು ಕಂಪ್ಯೂಟರಿಗೆ ಹಾಕಿದಳು. ಡೆಂಟನ್ ಮಾವನ ಎಡಗಡೆಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಅಷ್ಟು ತಿಂಗಳಲ್ಲಿ ಅವನ ಮುಖ ಅರಳಿದ್ದನ್ನು ವರ್ಲಿನ್ ಅಂದೇ ಕಂಡದ್ದು.

"ಕೇಳಿದ್ಯೇನೇ? ಎರಡು ಹುಂಜ! ಒಂದು ಮುದಿಯ, ಒಂದು ಹುಡುಗ. ಎರಡೂ ಬೇಲಿ ಕಡೆ ಇವೆ, ಎಡಕ್ಕೆ..." ಎನ್ನುತ್ತಿದ್ದವನು ತಟ್ಟನೆ ಮಾತು ನಿಲ್ಲಿಸಿದ. "ಮರ್ಲಾ, ಹಿಂದಕ್ಕೆ ಹೋಗು."

ಅವಳು ಹಿಂದಕ್ಕೆ ಹೋದಳು. ಪರದೆಯಲ್ಲಿ ಭುಜ ಬಾಗಿತು, ಗಾಳಿ ಬುಸುಗುಟ್ಟಿತು, ಚಿತ್ರ ಮೇಲೆ ಕೆಳಗೆ ಆಡಿತು. ಮರ್ಲಾಳ ಕೈ ಬಾಯಿಗೆ ಹೋಯಿತು.

"ಇನ್ನೊಂದ್ಸಲ" ಎಂದ ಡೆಂಟನ್.

ಇನ್ನೊಂದು ಸಲ ಹಾಕಿದಳು. ವರ್ಲಿನ್ ಮಗಳ ಮುಖವನ್ನೂ ಪರದೆಯನ್ನೂ ನೋಡಿದ. ಏನಾಯಿತೆಂದು ಅವನಿಗೆ ತಿಳಿಯಲಿಲ್ಲ. ಡೆಂಟನ್ ಮೇಜಿನತ್ತ ತಲೆ ತಗ್ಗಿಸಿ, ಮೆತ್ತಗೆ ಏನೋ ಕೇಳಿದ. ವರ್ಲಿನ್ ಅವನ ತುಟಿ ಆಡಿದ್ದನ್ನಷ್ಟೇ ಕಂಡ. ಹುಂಜದ ಮಾತೇ ಇರಬೇಕು. ತಲೆಯಾಡಿಸಿದ.

ಡೆಂಟನ್ ಕಾಯುತ್ತಿದ್ದ. ಮರ್ಲಾ ಅಪ್ಪನನ್ನೇ ನೋಡುತ್ತಾ, ಅಭ್ಯಾಸದಂತೆ ಹೇಳಿದಳು. ಅವಳ ದನಿ ಎತ್ತರವಾಗಿತ್ತು. "ಹೌದಂತೆ. ತಲೆ ಆಡಿಸಿದ್ರು."

"ಏನು? ಏನು ಹೌದು?" ವರ್ಲಿನ್ ಗಾಬರಿಯಿಂದ ಎದ್ದ. "ಏನು ಕೇಳ್ದ ಅವ್ನು?"

"ಎಡಕ್ಕೆ ಹೋಗ್ತೀನಿ ಮಾವ, ಬೇಲಿ ಕಡೆ, ಎಡಕ್ಕೆ ಗುಂಡು ಹಾರಿಸ್ಬೇಡಿ ಅಂತ ಅವತ್ತು ಹೇಳಿದಾನೆ. ಇದ್ರಲ್ಲಿದೆ. ಅದು ನಿಮ್ಗೆ ಕೇಳಿಸಿತ್ತಾ ಅಂತ ಈಗ ಕೇಳ್ದ. ನೀವು ಹೌದು ಅಂದ್ರಿ."

"ಇಲ್ಲ! ಇಲ್ಲಮ್ಮ..."

"ಈಗ್ತಾನೆ ತಲೆ ಆಡಿಸಿದ್ರಿ. ಅದ್ರಲ್ಲೂ ಆಡಿಸಿದೀರ."

ವರ್ಲಿನ್ ಮತ್ತೆ ಕುರ್ಚಿಯಲ್ಲಿ ಕೂತ. ಕೇಳಿಸಿಯೂ ಗುಂಡು ಹಾರಿಸಿದವನಾಗಬೇಕು, ಇಲ್ಲವೇ ಇಷ್ಟು ವರ್ಷ ನುಂಗಿಕೊಂಡದ್ದನ್ನು ಕಕ್ಕಬೇಕು. "ನಂಗೆ ಕೇಳಿಸಲ್ಲ ಕಣೋ" ಎಂದ. ದನಿ ಒಡೆಯಿತು. "ಈ ಕಿವಿ ಸತ್ತು ಎಷ್ಟೋ ವರ್ಷ ಆಯ್ತು. ಅವತ್ತೂ ಕೇಳಿಸ್ಲಿಲ್ಲ, ಈಗ್ಲೂ ಕೇಳಿಸ್ಲಿಲ್ಲ. ಸುಮ್ನೆ ತಲೆ ಆಡಿಸ್ದೆ. ಸುಮ್ನೆ ಆಡಿಸ್ತೀನಿ ನಾನು."

ಒಲೆಯ ಮೇಲಿನ ಕಾಫಿ ಉಕ್ಕಿ ಸುಟ್ಟ ವಾಸನೆ ಬಂತು, ಮರ್ಲಾ ಏಳಲಿಲ್ಲ. ಡೆಂಟನ್ ಕೈ ಚಾಚಿ ಮೇಜಿನ ಅಂಚು ಹಿಡಿದುಕೊಂಡು ಎದ್ದ. ಕುರ್ಚಿಗಳನ್ನು ಮುಟ್ಟಿ ಮುಟ್ಟಿ ಮಾವನ ಬೆನ್ನ ಹಿಂದಿನಿಂದ ಸುತ್ತಿ ಬಂದು, ಅವನ ಬಲಗಿವಿಯ ಪಕ್ಕ ನಿಂತ. ಕಿವುಡರ ಜೊತೆ ಮಾತಾಡುವಂತೆ ಗಟ್ಟಿಯಾಗಿ, ಬಿಡಿಬಿಡಿಯಾಗಿ ಹೇಳಿದ.

"ಮೊದ್ಲೇ ಹೇಳಿದ್ದಿದ್ರೆ, ಅವತ್ತು ನಾನು ಈ ಕಡೆ ಕೂತ್ಕೊಳ್ತಿದ್ದೆ, ಮಾವ."

ವರ್ಲಿನ್‌ಗೆ ಒಂದಕ್ಷರವೂ ಬಿಡದೆ ಕೇಳಿಸಿತು.